ರ‍್ಯಾಮ್ ಮೇಲಿನ ಸ್ಟಿಕ್ಕರ್ ನಂಬಿ ₹900 ಕಳೆದುಕೊಂಡೆ, ನೀವು ಕಳೆದುಕೊಳ್ಳಬೇಡಿ

ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸಲು ಬೆಂಗಳೂರಿನ ಕಂಪ್ಯೂಟರ್ ಪೇಟೆಯಾದ ಎಸ್‌.ಪಿ. ರೋಡಿನ ಕಡೆ ಹೊರಟಿದ್ದರೆ ಇದನ್ನು ಓದಿಕೊಂಡು ಹೋಗಿ. ಅಲ್ಲಿ ನ್ಯಾಯವಾಗಿ ವ್ಯಾಪಾರ ಮಾಡುವವರು ಬೇಕಾದಷ್ಟಿದ್ದಾರೆ. ನಾನು ಹೊಕ್ಕ ಅಂಗಡಿ ಮಾತ್ರ ಹಾಗಿರಲಿಲ್ಲ.

ನನ್ನದು ಐ5-10210ಯು ಪ್ರೊಸೆಸರಿನ ಲ್ಯಾಪ್‌ಟಾಪ್. ಒಳಗಿದ್ದದ್ದು 8 ಜಿಬಿಯ ಒಂದೇ ಸ್ಟಿಕ್, ಡಿಡಿಆರ್4 ಅನ್ನುವ ಬಗೆಯ ರ‍್ಯಾಮ್, ವೇಗ 2666ರದ್ದು. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತಿತ್ತು. ಇನ್ನೊಂದು 8 ಜಿಬಿ ಕೇಳಿದೆ. "2666 ಯಾಕೆ ಸರ್, 3200 ಮೆಗಾಹರ್ಟ್ಸ್ ಹಾಕಿಸ್ಕೊಳ್ಳಿ, ಒಂಬೈನೂರು ಜಾಸ್ತಿ ಆಗುತ್ತೆ ಅಷ್ಟೆ" ಅಂದರು. ನಾನೂ ಹೂಂ ಅಂದೆ.

ಮನೆಗೆ ಬಂದು, ಕಂಪ್ಯೂಟರಿನ ಒಳಗಿನ ಭಾಗಗಳ ವಿವರ ತೋರಿಸುವ ಸಿಪಿಯು-ಝಡ್ ಅನ್ನುವ ತಂತ್ರಾಂಶ ತೆರೆದರೆ ಮೆಮೊರಿ ಫ್ರೀಕ್ವೆನ್ಸಿ 1330 ಚಿಲ್ಲರೆ! ಫೋನ್ ಮಾಡಿದೆ. "ಅದು ಅರ್ಧಾನೇ ತೋರ್ಸೋದು ಸರ್, ಡಿಡಿಆರ್ ಅಂದ್ರೆ ಡಬಲ್ ಅಲ್ವಾ?"

ಈ ಮಾತು ಸುಳ್ಳಲ್ಲ, ಅದೇ ತಮಾಷೆ. ಡಿಡಿಆರ್ ಮೆಮೊರಿಯಲ್ಲಿ ಕ್ಲಾಕ್ ಏರುವಾಗ ಒಮ್ಮೆ, ಇಳಿಯುವಾಗ ಇನ್ನೊಮ್ಮೆ ಡೇಟಾ ಸಾಗುತ್ತದೆ. ಹಾಗಾಗಿ 3200 ಅಂತ ಮಾರುವ ರ‍್ಯಾಮಿನ ಕ್ಲಾಕ್ ಅಸಲಿಗೆ 1600 ಮೆಗಾಹರ್ಟ್ಸ್. 3200 ಅನ್ನೋದು ಸೆಕೆಂಡಿಗೆ ಎಷ್ಟು ಮಿಲಿಯನ್ ಸಲ ಡೇಟಾ ಸಾಗುತ್ತದೆ ಅನ್ನುವ ಲೆಕ್ಕ. ಅದನ್ನೂ ಮೆಗಾಹರ್ಟ್ಸ್ ಅಂತಲೇ ಬರೆದು ಮಾರುತ್ತಾರೆ. ಸರಿ, ಆದರೆ 1330ರ ಎರಡರಷ್ಟು 3200 ಆಗುತ್ತದೆಯೇ?

ಮತ್ತೆ ಫೋನ್. "ನಿಮ್ಮ ಪ್ರೊಸೆಸರ್ 2666ಕ್ಕಿಂತ ಮೇಲೆ ಹೋಗಲ್ಲ ಸರ್." ಇದೂ ನಿಜ! ಹಾಗಿದ್ದರೆ 3200 ಯಾಕೆ ಕೊಟ್ಟಿರಿ ಅಂದರೆ ಉತ್ತರವಿಲ್ಲ.

ಪಕ್ಕದಲ್ಲಿ ರೇಡಿಯೋ ಕೇಳುತ್ತಿದ್ದ ಅಪ್ಪ ನಕ್ಕರು. "101.3ರಲ್ಲಿ ಎಫ್‌ಎಂ ಕಾಮನಬಿಲ್ಲು ಬರುತ್ತೆ. ಮುಳ್ಳನ್ನ 104ಕ್ಕೆ ತಿರುಗಿಸಿದ್ರೆ ಹಾಡೇನು ಬೇಗ ಮುಗಿಯುತ್ತೇನೋ?" ರೇಡಿಯೋದಲ್ಲಿ ಮೆಗಾಹರ್ಟ್ಸ್ ಬರೀ ವಿಳಾಸ. ಸೆಕೆಂಡಿಗೆ 10 ಕೋಟಿ 13 ಲಕ್ಷ ಕಂಪನದ ಅಲೆ ಎಲ್ಲಿದೆಯೋ ಅಲ್ಲಿ ಆ ಸ್ಟೇಷನ್. ಕಂಪ್ಯೂಟರಿನಲ್ಲಿ ಅದು ವಿಳಾಸವಲ್ಲ, ನಿಜ. ಆದರೂ ಅಪ್ಪನ ಮುಂದೆ ವಾದಿಸುವ ಮುಖ ನನಗಿರಲಿಲ್ಲ.

ಆಮೇಲೆ ಸಿಪಿಯು-ಝಡ್‌ನಲ್ಲೇ ಎಸ್‌ಪಿಡಿ ಅನ್ನುವ ಟ್ಯಾಬ್ ಕಣ್ಣಿಗೆ ಬಿತ್ತು. ಸ್ಟಿಕ್ಕಿನ ಚಿಪ್ಪಿನೊಳಗೇ ಬರೆದಿಟ್ಟ ಜಾತಕ ಅದು. ಎರಡನೇ ಸ್ಲಾಟ್ ಒತ್ತಿದೆ: ಡಿಡಿಆರ್4-2666. ಹಿಂದಿನ ಮುಚ್ಚಳ ಬಿಚ್ಚಿ, 3200 ಅಂತಿದ್ದ ಸ್ಟಿಕ್ಕರಿನ ಮೂಲೆಯನ್ನು ಉಗುರಿನಿಂದ ಕೆರೆದೆ. ಅಡಿಯಲ್ಲಿ ಇನ್ನೊಂದು ಲೇಬಲ್: ಪಿಸಿ4-2666ವಿ. ಅಸಲಿ 3200 ಆಗಿದ್ದರೆ ಪಿಸಿ4-3200ಎಎ ಅಂತಲೋ, ಪಿಸಿ4-25600 ಅಂತಲೋ ಇರಬೇಕಿತ್ತು.

ಆಗ ಹೊಳೆಯಿತು ಅಂಗಡಿಯವರ ಲೆಕ್ಕಾಚಾರ. ನನ್ನ ಲ್ಯಾಪ್‌ಟಾಪಿನಲ್ಲಿ ಅಸಲಿ 3200 ಹಾಕಿದರೂ ಓಡುವುದು 2666ಕ್ಕೇ. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೋರಿಸುವುದೂ ಓಡುತ್ತಿರುವ ವೇಗವನ್ನೇ, ಅಲ್ಲಿ ಮೋಸ ಕಾಣುವುದೇ ಇಲ್ಲ. ದುಡ್ಡು ಕೊಡುವ ಮುಂಚೆ ಕೌಂಟರಿನಲ್ಲೇ ಎಸ್‌ಪಿಡಿ ಟ್ಯಾಬ್ ತೆರೆಸಿ, ಹೊಸ ಸ್ಟಿಕ್ ಇರುವ ಸ್ಲಾಟ್ ನೋಡಿ. ಅದಕ್ಕೂ ಮುಂಚೆ ನಿಮ್ಮ ಪ್ರೊಸೆಸರ್ ಎಷ್ಟರವರೆಗೆ ಹೋಗುತ್ತದೆ ಅಂತ ಹುಡುಕಿಕೊಳ್ಳಿ. ಹಳೆ ಸ್ಟಿಕ್ ನಿಧಾನದ್ದಾಗಿದ್ದರೆ ಹೊಸದೂ ಅದರ ಜೊತೆಗೇ ಹೆಜ್ಜೆ ಹಾಕುತ್ತದೆ.

16 ಜಿಬಿ ಆದದ್ದರಿಂದ ಲ್ಯಾಪ್‌ಟಾಪ್ ಈಗ ಚೆನ್ನಾಗಿಯೇ ಓಡುತ್ತಿದೆ, ಹೇಳಲೇಬೇಕು. ಮರುದಿನ ಸ್ಟಿಕ್ ಹಿಡಿದು ಅಂಗಡಿಗೆ ಹೋದೆ. ಅವರು ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, "ಸ್ಟಿಕ್ಕರ್ ಕಿತ್ತುಬಿಟ್ಟಿದೀರಲ್ಲ ಸರ್, ವಾರಂಟಿ ಹೋಯ್ತು" ಅಂದರು.