ಬೆಲ್‌ಫಾಸ್ಟ್ ಸೆಲ್ಟಿಕ್ ಜೆರ್ಸಿ ಕೋಲಾರದಲ್ಲೇ ಮಾಡಿಸಿದ್ವಿ, ಹೇಗಿದೆ ಅಂದ್ರೆ

ನಮ್ ಸಂಡೇ ಫುಟ್ಬಾಲ್ ಗ್ಯಾಂಗಿಗೆ ಜೆರ್ಸಿ ಬೇಕಿತ್ತು, ಎಲ್ರೂ ಮೆಸ್ಸಿ ರೊನಾಲ್ಡೋ ಅಂತ ಕಿತ್ತಾಡ್ತಿದ್ರು, ನಾನು ಹಠ ಹಿಡಿದು ನಾರ್ದರ್ನ್ ಐರ್ಲೆಂಡಿನ ಹಳೇ ಕ್ಲಬ್ಬು ಬೆಲ್‌ಫಾಸ್ಟ್ ಸೆಲ್ಟಿಕ್ ಹಸಿರು ಬಿಳಿ ಅಡ್ಡಪಟ್ಟಿದು ಮಾಡಿಸ್ದೆ. ಕೋಲಾರ ಟೌನಲ್ಲೇ ಒಂದು ಅಂಗಡಿ, ಕಬಡ್ಡಿ ಟೀಮು, ಗಣೇಶನ ಹಬ್ಬದ ಹುಡುಗರು ಎಲ್ರೂ ಟೀಶರ್ಟ್ ಹಾಕ್ಸೋದು ಅಲ್ಲೇ. ಹೆಸರು ಇಲ್ಲಿ ಹಾಕಲ್ಲ, ಬೇಕಾದೋರು ಇನ್ಬಾಕ್ಸ್ ಮಾಡಿ.

ಅಂಗಡಿ ಅಣ್ಣ ಫೋಟೋ ನೋಡಿ ಮೊದಲು ಕೇಳಿದ್ದು "ಸ್ಪಾನ್ಸರ್ ಹೆಸರು ಏನ್ ಹಾಕ್ಲಪ್ಪಾ?" ಅಂತ. ಸ್ಪಾನ್ಸರ್ ಇಲ್ಲ ಅಣ್ಣಾ, ಟೀಮೇ ಇಲ್ಲ ಅಂದೆ. "ಇಲ್ದಿರೋ ಟೀಮಿಗೆ ಬಟ್ಟೆ ಯಾಕೆ ಹೊಲಿಸ್ತೀಯಾ ಮತ್ತೆ" ಅಂದ್ರು, ಅಲ್ಲಿಂದ ಶುರುವಾಯ್ತು ಕಥೆ, ಕಸ್ಟಮರ್ ಬಂದು ಕಾಯ್ತಾ ನಿಂತಿದ್ರೂ ಬಿಡ್ಲಿಲ್ಲ ಅಣ್ಣ.

1891ರಲ್ಲಿ ಶುರುವಾದ ಕ್ಲಬ್ಬು, ಗ್ಲಾಸ್ಗೋ ಸೆಲ್ಟಿಕ್ ನೋಡಿ ಹೆಸರಿಟ್ಕೊಂಡಿದ್ದು. ಐರಿಷ್ ಲೀಗ್ 14 ಸಲ ಗೆದ್ದಿದ್ದಾರೆ, ಸಣ್ಣ ಮಾತಲ್ಲ. ಸಪೋರ್ಟರ್ಸ್ ಜಾಸ್ತಿ ಕ್ಯಾಥೊಲಿಕ್ ಜನ, ಆದ್ರೆ ಟೀಮಲ್ಲಿ ಪ್ರಾಟೆಸ್ಟೆಂಟ್ ಆಟಗಾರರೂ ಆಡ್ತಿದ್ರು, ಮ್ಯಾನೇಜರ್ ಎಲಿಶಾ ಸ್ಕಾಟೇ ಪ್ರಾಟೆಸ್ಟೆಂಟು, ಲಿವರ್‌ಪೂಲ್‌ಗೆ ಗೋಲ್‌ಕೀಪರ್ ಆಗಿದ್ದೋನು. 1948 ಡಿಸೆಂಬರ್ 27, ವಿಂಡ್ಸರ್ ಪಾರ್ಕ್ ಗ್ರೌಂಡಲ್ಲಿ ಲಿನ್‌ಫೀಲ್ಡ್ ಜೊತೆ ಮ್ಯಾಚು, ಅದು ಪ್ರಾಟೆಸ್ಟೆಂಟ್ ಸಪೋರ್ಟರ್ಸ್ ಇರೋ ಬೆಲ್‌ಫಾಸ್ಟಿನ ಇನ್ನೊಂದು ಕ್ಲಬ್ಬು. ಸೆಲ್ಟಿಕ್ ಸ್ಟ್ರೈಕರ್ ಜಿಮ್ಮಿ ಜೋನ್ಸಿಗೂ ಲಿನ್‌ಫೀಲ್ಡ್ ಬ್ರೈಸನ್ನಿಗೂ ಡಿಕ್ಕಿಯಾಗಿ ಬ್ರೈಸನ್ ಕಾಲು ಮುರೀತು, ಅದನ್ನ ಹಾಫ್‌ಟೈಮಲ್ಲಿ ಮೈಕಲ್ಲಿ ಬೇರೆ ಅನೌನ್ಸ್ ಮಾಡಿದ್ರಂತೆ, ಯಾವ ಬುದ್ಧಿವಂತನ ಐಡಿಯಾನೋ. 1-1 ಡ್ರಾ ಆಯ್ತು, ವಿಸಿಲ್ ಬಿತ್ತು, ಜನ ಗ್ರೌಂಡಿಗೆ ನುಗ್ಗಿ ಜೋನ್ಸನ್ನ ಹಿಡಿದು ಹೊಡೆದು ಅವನ ಕಾಲು ಮುರಿದ್ರು. ಅವನೂ ಪ್ರಾಟೆಸ್ಟೆಂಟೇ ಗುರು, ಹೊಡೆದವರ ಕಡೆಯವನೇ! ಸೀಸನ್ ಮುಗೀತಿದ್ದಂಗೆ ಕ್ಲಬ್ ಲೀಗ್ ಬಿಟ್ಟೇಬಿಡ್ತು. 1920ರಲ್ಲಿ ಕ್ಯಾಥೊಲಿಕ್ ಪ್ರಾಟೆಸ್ಟೆಂಟ್ ಗಲಾಟೆ ಆದ್ಮೇಲೂ ಹೀಗೇ ಬಿಟ್ಟು 1924ಕ್ಕೆ ವಾಪಸ್ ಬಂದಿದ್ರು, ಈ ಸಲ ಬರ್ಲಿಲ್ಲ. ಹೋಗ್ತಾ ಹೋಗ್ತಾ 1949ರ ಮೇ ತಿಂಗಳಲ್ಲಿ ಅಮೆರಿಕಾ ಟೂರ್ ಹೋಗಿ ನ್ಯೂಯಾರ್ಕಲ್ಲಿ ಸ್ಕಾಟ್ಲೆಂಡ್ ಟೀಮನ್ನೇ 2-0 ಸೋಲಿಸಿದ್ರು, ಆ ಸ್ಕಾಟ್ಲೆಂಡು ಅದೇ ವರ್ಷ ಬ್ರಿಟಿಷ್ ಚಾಂಪಿಯನ್. ಇಷ್ಟು ಆಡೋ ಟೀಮು ಬಾಗಿಲು ಹಾಕ್ಕೊಳ್ತು ಅನ್ನೋದೇ ನಂಗೆ ಹೊಟ್ಟೆ ಉರಿ. ಜೋನ್ಸ್ ಮಾತ್ರ ಆಮೇಲೆ ಕಾಲು ಸರಿಮಾಡ್ಕೊಂಡು ಗ್ಲೆನಾವನ್ ಕ್ಲಬ್ಬಿಗೆ ಆಡಿ ನಾರ್ದರ್ನ್ ಐರ್ಲೆಂಡಿಗೂ ಆಡ್ದ.

ಗ್ರೌಂಡ್ ಏನಾಯ್ತಪ್ಪಾ ಅಂದ್ರು ಅಣ್ಣ. ನಾಯಿ ರೇಸ್ ನಡೀತಿತ್ತು, ಆಮೇಲೆ ಕೆಡವಿ ಶಾಪಿಂಗ್ ಸೆಂಟರ್ ಕಟ್ಟಿದ್ರು, ಒಳಗೊಂದು ಚಿಕ್ಕ ಮ್ಯೂಸಿಯಂ ಇದೆ ಅಂದೆ. "ಎಲ್ಲಾ ಕಡೆ ಅದೇ ಕತೆ ಬಿಡು" ಅಂದ್ರು. (ಕೋಲಾರಕ್ಕೂ ಐರ್ಲೆಂಡಿಗೂ ಏನ್ ಸಂಬಂಧ ಅನ್ನೋರಿಗೆ: 1870ರ ದಶಕದಲ್ಲಿ ನಮ್ ಕೆಜಿಎಫ್ ಚಿನ್ನ ತೆಗೆಯೋಕೆ ಮೈಸೂರು ಸರ್ಕಾರದಿಂದ ಲೈಸೆನ್ಸ್ ತಗೊಂಡ ಲ್ಯಾವೆಲ್ ಐರಿಷ್ ಸೋಲ್ಜರು, ಬೆಂಗಳೂರಿನ ಲ್ಯಾವೆಲ್ ರೋಡ್ ಅವನ ಹೆಸರಲ್ಲೇ ಇರೋದು.)

ಈಗ ಬಟ್ಟೆ ವಿಷಯ. ಹೆಸರು ನಂಬರ್ ಸೇರಿ ಒಂದಕ್ಕೆ 420 ರೂಪಾಯಿ. ಅಡ್ಡಪಟ್ಟಿ ಜೆರ್ಸಿಯಲ್ಲಿ ಕಷ್ಟ ಇರೋದು ಪಕ್ಕದ ಹೊಲಿಗೇಲಿ, ಮುಂದಿನ ಪಟ್ಟಿಗೆ ಹಿಂದಿನ ಪಟ್ಟಿ ಸರಿಯಾಗಿ ಕೂಡ್ಬೇಕು, ಇಲ್ಲಾಂದ್ರೆ ಅಸಹ್ಯವಾಗಿ ಕಾಣುತ್ತೆ, ಅಣ್ಣ ಅದನ್ನ ಕರೆಕ್ಟಾಗಿ ಕೂಡಿಸಿದ್ದಾರೆ, ಪ್ರಾಮಾಣಿಕವಾಗಿ ಹೇಳ್ತೀನಿ ಆನ್‌ಲೈನಲ್ಲಿ ಎರಡು ಸಾವಿರದ ರೆಟ್ರೋ ಜೆರ್ಸೀಲೂ ಹಿಂಗಿರಲ್ಲ. ತೋಳಲ್ಲಿ ಮಾತ್ರ ಸ್ವಲ್ಪ ಮೇಲೆ ಕೆಳಗೆ. ಪ್ರಿಂಟು ಬಟ್ಟೆಯೊಳಗೇ ಇಳಿದಿರೋದ್ರಿಂದ ಒಗೆದ್ರೆ ಸಿಪ್ಪೆ ಏಳಲ್ಲ, ಕಲರೂ ಹೋಗಿಲ್ಲ. ಕಾಲರ್ ಒಳಗಿನ ಹೊಲಿಗೆ ಕತ್ತಿಗೆ ಚುಚ್ಚುತ್ತೆ, ಅದು ಬೇಜಾರು. ನಾಳೆ ನಾಳೆ ಅಂತ ಒಂದು ವಾರ ಸುಮ್ನೆ ಓಡಾಡಿಸಿದ್ರು ಅದೂ ಬೇಜಾರು, ಎಲೆಕ್ಷನ್ ಟೀಶರ್ಟ್ ಆರ್ಡರ್ ಬಂದಿತ್ತಂತೆ.

ಅಡ್ವಾನ್ಸ್ ಅರ್ಧಕ್ಕಿಂತ ಜಾಸ್ತಿ ಕೊಡ್ಬೇಡಿ, ಸೈಜ್ ಒಂದು ದೊಡ್ಡದೇ ಹೇಳಿ, ನಮ್ ಗೋಲ್‌ಕೀಪರ್ ಎಕ್ಸ್‌ಎಲ್ ಹಾಕ್ಕೊಂಡು ಕೈ ಎತ್ತೋಕಾಗ್ದೆ ಒದ್ದಾಡ್ತಿದಾನೆ.