ಗಣಿತದ ಸೆಮಿನಾರ್‌ಗೆ ಬೋರ್ಡಾ, ಸ್ಲೈಡಾ?

ಜಯನಗರದ ಕಾಲೇಜೊಂದರಲ್ಲಿ ಬಿಎಸ್ಸಿ ಓದುವ ಹುಡುಗಿ ಕೇಳಿದ್ದಾಳೆ: "ಅಕ್ಕಾ, ಮುಂದಿನ ವಾರ ನನ್ನ ಸೆಮಿನಾರ್. ಸೀಮೆಸುಣ್ಣ ಹಿಡೀಲಾ, ಸ್ಲೈಡ್ ಮಾಡ್ಲಾ?"

ನಿನ್ನ ವಿಷಯ ಯಾವುದು ಅಂತ ಮೊದಲು ನೋಡು. ಪ್ರೂಫ್ ಇದ್ದರೆ ಬೋರ್ಡೇ ವಾಸಿ. ಗಣಿತಜ್ಞ ಕ್ಯಾಂಟರ್ 1891ರಲ್ಲಿ ಕೊಟ್ಟ ಕರ್ಣದ ವಾದವನ್ನೇ (ಡಯಾಗನಲ್ ಆರ್ಗ್ಯುಮೆಂಟ್) ತಗೋ. 0, 1ರ ಕೊನೆಯಿಲ್ಲದ ಸಾಲುಗಳನ್ನು ಒಂದರ ಕೆಳಗೊಂದು ಬರೆಯುತ್ತೀಯ. ಮೊದಲ ಸಾಲಿನ ಮೊದಲ ಅಂಕಿ, ಎರಡನೆಯದರ ಎರಡನೆಯ ಅಂಕಿ, ಹೀಗೆ ಓರೆಯಾಗಿ ಒಂದೊಂದು ಅಂಕಿಗೂ ಸುತ್ತು ಹಾಕುತ್ತಾ ಹೋಗಿ, 0 ಇದ್ದಲ್ಲಿ 1, 1 ಇದ್ದಲ್ಲಿ 0 ಮಾಡಿದರೆ ಪಟ್ಟಿಯಲ್ಲೇ ಇಲ್ಲದ ಸಾಲು ಸಿಗುತ್ತದೆ. ನಿನ್ನ ಕೈ ಓಡುವಷ್ಟೇ ವೇಗದಲ್ಲಿ ಕೇಳುವವರ ತಲೆಯೂ ಓಡುತ್ತದೆ. ಸ್ಲೈಡಿನಲ್ಲಾದರೆ ಒಂದು ಕ್ಲಿಕ್‌ಗೆ ಎಲ್ಲಾ ಬಂದುಬಿಡುತ್ತದೆ, ಯಾರ ತಲೆಗೂ ಹತ್ತುವುದಿಲ್ಲ.

ಫೋರಿಯರ್ ಸರಣಿಯ ಸೈನ್ ಅಲೆಗಳು ಒಂದೊಂದಾಗಿ ಕೂಡಿ ಚೌಕ ಅಲೆಯ ಹತ್ತಿರ ಬರುವುದನ್ನು ತೋರಿಸಬೇಕಾ? ಹಾಗಾದರೆ ಸ್ಲೈಡೇ ಸರಿ. ಅದನ್ನು ಕೈಯಲ್ಲಿ ಬರೆಯೋಕೆ ಹೋಗಬೇಡ, ಸುಮ್ನೆ ಹೊತ್ತು ಹಾಳು.

ಖರ್ಚು ಎರಡಕ್ಕೂ ಇಲ್ಲ, ಲಾಟೆಕ್‌ನಲ್ಲಿ (LaTeX, ಗಣಿತ ಬರೆಯುವ ಸಾಫ್ಟ್‌ವೇರ್) ಸ್ಲೈಡ್ ಮಾಡುವ ಬೀಮರ್ ಉಚಿತ. ಆದರೆ ಲಾಟೆಕ್ ಹೊಸದಾದರೆ ಅದನ್ನು ಕಲಿಯೋಕೇ ಜಾಸ್ತಿ ಟೈಮ್ ಹೋಗುತ್ತದೆ. ಕನ್ನಡ ಅಕ್ಷರ ಬೇಕಿದ್ದರೆ ಅದರದೇ ಇನ್ನೊಂದು ರೂಪ ಝೀಲಾಟೆಕ್ (XeLaTeX) ಬಳಸು.

20 ನಿಮಿಷದಲ್ಲಿ ಬೋರ್ಡಿನ ಮೇಲೆ ಒಂದು ಪ್ರಮೇಯ ಮುಗಿದರೆ ದೊಡ್ಡದು. ಹಿನ್ನೆಲೆ ಜಾಸ್ತಿ ಹೇಳಬೇಕಿದ್ದರೆ ವ್ಯಾಖ್ಯೆಗಳನ್ನು ಸ್ಲೈಡಿಗೆ ಹಾಕಿ, ಪ್ರೂಫ್ ಮಾತ್ರ ಬರಿ. ಪರದೆ ಬೋರ್ಡನ್ನೇ ಮುಚ್ಚುವ ರೂಮಾದರೆ ಇದು ಆಗಲ್ಲ, ಹಿಂದಿನ ದಿನವೇ ಹೋಗಿ ನೋಡಿಕೊ.