ಹೈಡ್ರಾ ನೋಡಲೆಂದು ಕೊಂಡ ಸೂಕ್ಷ್ಮದರ್ಶಕ: ಎರಡು ವರ್ಷ ಬಳಸಿದ ಮೇಲೆ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಹತ್ತನೆಯ ತರಗತಿಯ ಸಂತಾನೋತ್ಪತ್ತಿಯ ಪಾಠದಲ್ಲಿ ಹೈಡ್ರಾ ಎಂಬ ಪುಟ್ಟ ನೀರುಜೀವಿಯ ಮೊಗ್ಗುವಿಕೆಯೂ (ಮೈಮೇಲೆ ಮೊಗ್ಗಿನಂತೆ ಮರಿ ಮೂಡುವುದು) ಪ್ಲನೇರಿಯಾ ಎಂಬ ಚಪ್ಪಟೆ ಹುಳುವಿನ ಪುನರುತ್ಪಾದನೆಯೂ (ಕತ್ತರಿಸಿದ ತುಂಡು ಮತ್ತೆ ಪೂರ್ತಿ ಜೀವಿಯಾಗುವುದು) ಬರುತ್ತವೆ. ಹದಿನಾಲ್ಕು ವರ್ಷ ಆ ಚಿತ್ರಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದೆ. ಮಕ್ಕಳು ಅವನ್ನು ನಕಲು ಮಾಡಿಕೊಂಡು ಪರೀಕ್ಷೆಯಲ್ಲಿ ಅಂಕ ತೆಗೆದರು. ಆದರೆ ಜೀವಂತ ಹೈಡ್ರಾವನ್ನು ಅವರೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಅದು ಮನಸ್ಸನ್ನು ಕೊರೆಯುತ್ತಿತ್ತು. ಎರಡು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಗಳು ಕೊಟ್ಟ ಹಣಕ್ಕೆ ನನ್ನದನ್ನೂ ಸೇರಿಸಿ 9,500 ರೂಪಾಯಿಗೆ ಒಂದು ಸ್ಟೀರಿಯೊ ಸೂಕ್ಷ್ಮದರ್ಶಕ ತರಿಸಿದೆ. ಈ ವಿಮರ್ಶೆ ಅದರದ್ದು.

ಶಾಲೆಯಲ್ಲಿ ಮೊದಲೇ ಒಂದು ಸೂಕ್ಷ್ಮದರ್ಶಕ ಇತ್ತಲ್ಲ, ಮತ್ತೊಂದು ಏಕೆ ಎಂದು ಸಹೋದ್ಯೋಗಿಗಳು ಕೇಳಿದ್ದರು. ಆ ಹಳೆಯದು ಗಾಜಿನ ಪಟ್ಟಿಯ ಮೇಲಿನ ತೆಳು ಪದರವನ್ನು ಮಾತ್ರ ತೋರಿಸುತ್ತದೆ. ಬಿಂಬ ತಲೆಕೆಳಗಾಗಿರುತ್ತದೆ, ಮಸೂರದ ಕೆಳಗೆ ಸೂಜಿ ಆಡಿಸಲೂ ಜಾಗವಿರುವುದಿಲ್ಲ. ಹೊಸದರಲ್ಲಿ ಎರಡೂ ಕಣ್ಣಿಟ್ಟು ನೋಡಬಹುದು. 20 ಪಟ್ಟು ಮತ್ತು 40 ಪಟ್ಟು, ಹೀಗೆ ಎರಡು ಹಂತಗಳು. ಬಿಂಬ ನೇರವಾಗಿದೆ, ಸೂಜಿಯನ್ನು ಬಲಕ್ಕೆ ಸರಿಸಿದರೆ ಬಲಕ್ಕೇ ಸರಿಯುತ್ತದೆ. ಮಸೂರಕ್ಕೂ ತಟ್ಟೆಗೂ ನಡುವೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಅಂತರ. ನೀರು ತುಂಬಿದ ಗಾಜಿನ ತಟ್ಟೆಯನ್ನಿಟ್ಟು ಅದರೊಳಗೇ ಕೈಕೆಲಸ ಮಾಡಬಹುದು. ಪುನರುತ್ಪಾದನೆ ನೋಡಬೇಕೆನ್ನುವವರಿಗೆ ಬೇಕಾದದ್ದು ಇದೇ.

ಹೈಡ್ರಾ ಹುಡುಕುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಕೆರೆಯಂಚಿನ ಜಲಸಸ್ಯಗಳನ್ನು ಅದೇ ಕೆರೆಯ ನೀರಿನೊಂದಿಗೆ ಗಾಜಿನ ಜಾಡಿಯಲ್ಲಿ ತಂದು, ಕಿಟಕಿಯ ಪಕ್ಕ ಎರಡು ದಿನ ಅಲುಗಾಡಿಸದೆ ಬಿಟ್ಟೆವು. ಮೂರನೆಯ ದಿನ ಬೆಳಕಿನ ಕಡೆಯ ಗಾಜಿಗೆ ಹಸಿರು ದಾರದ ತುಣುಕುಗಳಂತೆ ಅಂಟಿಕೊಂಡಿದ್ದವು. ಜಿನೀವಾದ ಅಬ್ರಹಾಂ ಟ್ರೆಂಬ್ಲಿ 1740ರಲ್ಲಿ ಹಾಲೆಂಡಿನ ಹೇಗ್ ನಗರದ ಬಳಿ ಕಂಡದ್ದೂ ಇಂಥದ್ದನ್ನೇ. ಶ್ರೀಮಂತ ಮನೆತನದ ಇಬ್ಬರು ಹುಡುಗರಿಗೆ ಪಾಠ ಹೇಳುತ್ತಿದ್ದ ಮೇಷ್ಟರು ಆತ. ಹಸಿರಾಗಿದೆ, ಆದರೆ ಚಲಿಸುತ್ತದೆ. ಇದು ಗಿಡವೋ ಪ್ರಾಣಿಯೋ ಎಂಬ ಅನುಮಾನ ಬಂದು ಅಡ್ಡಲಾಗಿ ಕತ್ತರಿಸಿದರು. ಎರಡು ತುಂಡುಗಳೂ ಪೂರ್ತಿ ಜೀವಿಗಳಾದವು. ಮುಂದೆ ಒಂದರ ತಲೆಯನ್ನೇ ಮತ್ತೆ ಮತ್ತೆ ಸೀಳಿ ಏಳು ತಲೆಯ ಜೀವಿಯನ್ನೂ ಮಾಡಿದರು. ಈ ಕತೆ ಹೇಳಿದ ದಿನ ನಮ್ಮ ತರಗತಿಯಲ್ಲಿ ಬ್ಲೇಡಿಗಾಗಿ ನೂಕುನುಗ್ಗಲು.

ಕ್ಷೌರದ ಬ್ಲೇಡಿನ ಅರ್ಧ ಭಾಗದಿಂದ ಸೊಂಟದ ಮಟ್ಟದಲ್ಲಿ ಕತ್ತರಿಸಿದೆವು. 20 ಪಟ್ಟಿನಲ್ಲಿ ಕತ್ತರಿಸುವುದು ಸುಲಭ, ಗಮನಿಸಲು 40 ಬೇಕು. ಕೆಳಭಾಗದ ತುಂಡು ಮೊದಲು ಉಂಡೆಯಾಗಿ ಮುದುಡಿತು, ಗಾಯ ಮುಚ್ಚಿಕೊಂಡಿತು. ಎರಡನೆಯ ದಿನ ತುದಿಯಲ್ಲಿ ಸಣ್ಣ ಗುಬುಟುಗಳು ಎದ್ದವು. ಮೂರನೆಯ ದಿನ ಅವು ಬಾಯಿಯ ಸುತ್ತಲಿನ ಎಳೆಗಳಾಗಿ, ಅಂದರೆ ಕರಬಳ್ಳಿಗಳಾಗಿ ಚಾಚಿಕೊಂಡಿದ್ದವು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, 'ಮೇಡಂ, ತಲೆ ಬಂದಿದೆ, ಆದರೆ ಮೊದಲಿಗಿಂತ ಗಿಡ್ಡವಾಗಿದೆ' ಎಂದಳು. ನಾನು ಹೇಳಿಕೊಟ್ಟಿರಲಿಲ್ಲ. ಅವಳು ಹೇಳಿದ್ದು ಸರಿಯಾಗಿತ್ತು. ಹೈಡ್ರಾ ಕಳೆದುಹೋದ ಭಾಗವನ್ನು ಹೊಸದಾಗಿ ಬೆಳೆಸಿ ಜೋಡಿಸುವುದಕ್ಕಿಂತ ಹೆಚ್ಚಾಗಿ, ಉಳಿದ ಜೀವಕೋಶಗಳನ್ನೇ ಮರುಜೋಡಣೆ ಮಾಡಿಕೊಳ್ಳುತ್ತದೆ. ಆದ್ದರಿಂದಲೇ ಕುಳ್ಳಾಗುತ್ತದೆ. ಇಷ್ಟು ವರ್ಷ ನಾನು ಬರೆದ ಚಿತ್ರಗಳಲ್ಲಿ ಎರಡು ತುಂಡುಗಳೂ ಮೂಲದಷ್ಟೇ ಎತ್ತರವಿರುತ್ತಿದ್ದವು!

ಪ್ಲನೇರಿಯಾ ಹಳ್ಳದ ಕಲ್ಲುಗಳ ಅಡಿಯಲ್ಲಿ ಸಿಕ್ಕಿತು. ಅದಕ್ಕೆ ಕತ್ತಲೆಯೂ ತಂಪೂ ಬೇಕು. ಇಲ್ಲಿ ಈ ಉಪಕರಣದ ಮೇಲಿನ ದೀಪ ನಿಜಕ್ಕೂ ಉಪಯೋಗಕ್ಕೆ ಬಂತು. ಎಲ್‌ಇಡಿ ಆದ್ದರಿಂದ ತಟ್ಟೆಯ ನೀರು ಬಿಸಿಯಾಗುವುದಿಲ್ಲ. ಕತ್ತರಿಸಿದ ಅಂಚಿನಲ್ಲಿ ಮೊದಲು ಬಣ್ಣವಿಲ್ಲದ ಬಿಳಿ ಮೊಳಕೆ ಕಾಣುತ್ತದೆ, ಕಂದು ಮೈಯ ಪಕ್ಕದಲ್ಲಿ ಅದು ಎದ್ದು ತೋರುತ್ತದೆ. ಸುಮಾರು ಒಂದು ವಾರಕ್ಕೆ ಅದರಲ್ಲಿ ಎರಡು ಕಪ್ಪು ಕಣ್ಣಿನ ಚುಕ್ಕೆಗಳು. ಮುಂದೆ ಹಣ್ಣುನೊಣದ ಅಧ್ಯಯನಕ್ಕೆ ಹೆಸರಾದ ಥಾಮಸ್ ಹಂಟ್ ಮಾರ್ಗನ್ 1898ರಲ್ಲಿ, ಪ್ಲನೇರಿಯಾದ 279ನೇ ಒಂದು ಭಾಗದಷ್ಟು ತುಣುಕೂ ಪೂರ್ತಿ ಹುಳುವಾಗಬಲ್ಲದು ಎಂದು ತೋರಿಸಿದರು. ನಾವು ನಾಲ್ಕು ತುಂಡಿಗೇ ನಿಲ್ಲಿಸಿದೆವು.

ಇದರಿಂದ ಆಗದ್ದನ್ನೂ ಹೇಳಬೇಕು. ಆ ಬಿಳಿ ಮೊಳಕೆಯನ್ನು ಕಟ್ಟುವ, ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಆಕರಕೋಶಗಳು 40 ಪಟ್ಟಿನಲ್ಲಿ ಕಾಣುವುದಿಲ್ಲ. ಅದಕ್ಕೆ ಬೇರೆಯ ಉಪಕರಣಗಳೂ ಬಣ್ಣ ಹಾಕುವ ವಿಧಾನಗಳೂ ಬೇಕು. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಪ್ಲನೇರಿಯಾದ ಮೇಲೆ ಅಂಥ ಸಂಶೋಧನೆ ನಡೆದಿದೆ ಎಂದು ಹೇಳಿದಾಗ ಮಕ್ಕಳ ಮುಖ ಅರಳಿತು. 'ಹಲ್ಲಿಗೆ ಬಾಲ ಬರುತ್ತದೆ, ನಮಗೆ ಬೆರಳು ಏಕೆ ಬರುವುದಿಲ್ಲ?' ಎಂಬ ಪ್ರಶ್ನೆಗೂ ಯಾವ ಮಸೂರವೂ ಉತ್ತರ ತೋರಿಸದು. ಹಲ್ಲಿಯ ಹೊಸ ಬಾಲದೊಳಗೆ ಬೆನ್ನುಮೂಳೆಯ ಮಣಿಗಳ ಬದಲು ನಮ್ಮ ಕಿವಿಯಲ್ಲಿರುವಂಥ ಮೃದ್ವಸ್ಥಿಯ ಕೊಳವೆ ಇರುತ್ತದೆ, ಅದೂ ಪೂರ್ತಿ ಮೊದಲಿನದ್ದಲ್ಲ ಎಂದು ವಿವರಿಸಿದೆ. ಹೈಡ್ರಾದ ತಲೆ ಎಲ್ಲಿ ಮೂಡಬೇಕೆಂದು ಸೂಚಿಸುವ ವಿಂಟ್ ಎಂಬ ಜೀನುಗಳ ಗುಂಪು ನಮ್ಮಲ್ಲೂ ಇದೆ. ಭ್ರೂಣದಲ್ಲಿ ಮೈಯ ಎರಡು ತುದಿಗಳನ್ನು ಬೇರೆ ಮಾಡುವ ಕೆಲಸದಲ್ಲಿ ಅದು ತೊಡಗಿರುತ್ತದೆ. ಹೈಡ್ರಾದ ವಂಶವೂ ನಮ್ಮದೂ ಬೇರೆಯಾಗಿ ಸುಮಾರು 60 ಕೋಟಿ ವರ್ಷಗಳಾಗಿದ್ದರೂ ಆ ಸಂಕೇತ ಉಳಿದಿದೆ. ಆ ದಿನ ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಇನ್ನು ದೂರುಗಳು. ಆರು ತಿಂಗಳಿಗೆ ಬಿಂಬ ಸ್ಪಷ್ಟಗೊಳಿಸುವ ತಿರುಗುಗುಬುಟು ಸಡಿಲಗೊಂಡು, ಮೇಲಿನ ಭಾಗ ತನ್ನ ಭಾರಕ್ಕೇ ಕೆಳಗೆ ಜಾರತೊಡಗಿತು. ಕೊಟ್ಟ ಅಂಗಡಿಯವರು ಮೂರು ವಾರ ಫೋನಿನಲ್ಲೇ ಸಮಯ ಕಳೆದರು. ಕೊನೆಗೆ ಎರಡೂ ಬದಿಯ ಗುಬುಟುಗಳನ್ನು ಹಿಡಿದು ಒಂದಕ್ಕೊಂದು ವಿರುದ್ಧವಾಗಿ ತಿರುಗಿಸಿದರೆ ಬಿಗಿಯಾಗುತ್ತದೆ ಎಂದು ನಾವೇ ಕಂಡುಕೊಂಡೆವು. ಆ ಒಂದು ಸಾಲು ಕೈಪಿಡಿಯಲ್ಲಿ ಇರಬೇಕಿತ್ತು. ಕೆಳಗಿನ ಬಿಳಿ ಪ್ಲಾಸ್ಟಿಕ್ ತಟ್ಟೆ ಬೇಗ ಗೀಚಿಕೊಳ್ಳುತ್ತದೆ.

ಮಲೆನಾಡಿನವರಿಗೆ ಮಾತ್ರ ಒಂದು ಎಚ್ಚರಿಕೆ: ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಮೊದಲ ಆಷಾಢದಲ್ಲೇ ನಮ್ಮದರ ಎಡಮಸೂರದಲ್ಲಿ ಜೇಡರಬಲೆಯಂಥ ಎಳೆಗಳು ಕಂಡವು. ಜೊತೆಗೆ ಬಂದ ಮರದ ಪೆಟ್ಟಿಗೆಯೇ ತೇವ ಹೀರಿಕೊಂಡಿತ್ತು. ಈಗ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುತ್ತೇನೆ. ಎರಡನೆಯ ಮಳೆಗಾಲ ತೊಂದರೆಯಿಲ್ಲದೆ ಕಳೆಯಿತು.

ಇಷ್ಟೆಲ್ಲ ಇದ್ದರೂ ಪ್ರೌಢಶಾಲೆಗಳಿಗೆ ಇಂಥದ್ದೊಂದನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಕೊಳ್ಳುವಾಗ ಕಣ್ಣಿಡುವ ಎರಡು ನಳಿಕೆಗಳ ನಡುವಿನ ಅಂತರ ಎಷ್ಟು ಕಡಿಮೆಯಾಗುತ್ತದೆ ಎಂದು ನೋಡಿ. ನಮ್ಮದು ದೊಡ್ಡವರ ಮುಖಕ್ಕೆ ಮಾಡಿದ್ದು. ಎಂಟನೆಯ ತರಗತಿಯ ಸಣ್ಣ ಮಕ್ಕಳು ಇವತ್ತಿಗೂ ಒಂದು ಕಣ್ಣು ಮುಚ್ಚಿಕೊಂಡೇ ನೋಡುತ್ತಾರೆ. ಅಂಗಡಿಗೆ ಹೋಗುವಾಗ ಒಂದು ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ. ಎರಡೂ ಕಣ್ಣಿಗೆ ಸೇರಿ ಒಂದೇ ವೃತ್ತ ಕಾಣುತ್ತಿದೆ ಎಂದು ಅದು ಹೇಳಿದ ಮೇಲೆಯೇ ಹಣ ಕೊಡಿ.